ಓದುಗರ ಪ್ರಶ್ನೆಗಳು: ಕಬೀಲಿಯಾದ ಹೆಂಗಸರ ಮಣ್ಣು, ಮಗ್ಗ, ಹಾಡು, ಪಾಲು

ಅಲ್ಜೀರಿಯಾದ ಕಬೀಲಿಯಾ ಬೆಟ್ಟಸೀಮೆಯ ಹೆಂಗಸರು ಮಾಡುವ ಮಡಕೆ, ಹಾಸುಗಂಬಳಿಗಳ ಚಿತ್ರಗಳನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ನೋಡಿ ಬಂದ ಪ್ರಶ್ನೆಗಳಲ್ಲಿ ಒಂದನ್ನೊಂದು ಹೋಲುವವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಕಬೈಲ್ ಅನ್ನುವುದು ಬುಡಕಟ್ಟಿನ ಹೆಸರೋ, ಭಾಷೆಯ ಹೆಸರೋ? — ಹಾಸನ

ಎರಡೂ ಹೌದು, ಇನ್ನೂ ಒಂದಿದೆ. ಅಲ್ಜೀರ್ಸ್ ನಗರದಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ಹೋದರೆ ತಿಜಿ ಊಝು ಪಟ್ಟಣ. ಅದರ ಬೆನ್ನಿಗೆ ಜುರ್ಜುರಾ ಬೆಟ್ಟಸಾಲು. ಅಲ್ಲಿಂದ ಬೆಜಾಯಾ ಕಡಲತಡಿಯವರೆಗೆ ಹರಡಿದ ಸೀಮೆಯೇ ಕಬೀಲಿಯಾ. ಇಲ್ಲಿನವರು ಉತ್ತರ ಆಫ್ರಿಕಾದ ಮೂಲನಿವಾಸಿಗಳಾದ ಅಮಾಝಿಗ್ ಜನ. ಹೊರಗಿನವರು ಕರೆಯುವಂತೆ ಬರ್ಬರರು. ಮನೆಮಾತು ಅರಬ್ಬಿಯಲ್ಲ. ಆದರೆ ಹೆಸರು ಬಂದದ್ದು ಅರಬ್ಬಿಯ ‘ಕಬೀಲಾ’ದಿಂದ, ಹಿಂದಿ ಸಿನಿಮಾಗಳಲ್ಲಿ ಡಕಾಯಿತರ ಹಟ್ಟಿಗೆ ಹೇಳುತ್ತಾರಲ್ಲ, ಅದೇ ಪದ.

ಅವರ ನುಡಿಯ ಹೆಸರು ತಾಕ್ಬೈಲಿತ್. ಕಬೈಲ್ ಹೆಂಗಸನ್ನು ಕರೆಯುವುದೂ ತಾಕ್ಬೈಲಿತ್ ಎಂದೇ. ಮಾನಮರ್ಯಾದೆಯ ಕಟ್ಟುಪಾಡಿಗೂ ಅದೇ ಹೆಸರು. ನುಡಿ, ಹೆಣ್ಣು, ಮಾನ ಮೂರನ್ನೂ ಒಂದೇ ಪದದಲ್ಲಿ ಕಟ್ಟಿಟ್ಟ ಊರಲ್ಲಿ ಹೆಂಗಸೊಬ್ಬಳು ಪರರ ಎದುರು ಹಾಡಿದರೆ ಏನಾದೀತು ಅನ್ನುವುದನ್ನು ಕೆಳಗೆ ಇನ್ನೊಂದು ಪ್ರಶ್ನೆಗೆ ಹೇಳಿದ್ದೇವೆ.

ಖಾನಾಪುರದಲ್ಲಿ ಕುಂಬಾರಿಕೆ ಕಲಿತವಳು ನಾನು. ಚಿತ್ರದಲ್ಲಿದ್ದ ಬಿಳಿ ಮೈಯ, ಕೆಂಪು ಕಪ್ಪು ಗೆರೆಯ ಹೂಜಿಯನ್ನು ತಿಗರಿಯಿಲ್ಲದೆ ಮಾಡಿ, ಬಯಲಲ್ಲೇ ಸುಟ್ಟೆ. ನಾಲ್ಕರಲ್ಲಿ ಮೂರು ಒಡೆದವು. ಉಳಿದದ್ದರ ಬಿಳಿ ಬಣ್ಣ ಸಿಪ್ಪೆಯೆದ್ದಿತು. ಎಲ್ಲಿ ತಪ್ಪಿದೆ? — ಬೆಳಗಾವಿ

ನಿಮ್ಮ ಕೈ ತಪ್ಪಿಲ್ಲ, ಬಹುಶಃ ಮಣ್ಣು ತಪ್ಪಿದೆ. ತಿಗರಿಗೆ ಹದ ಮಾಡಿದ ನುಣ್ಣನೆಯ ಮಣ್ಣು ಬಯಲು ಬೆಂಕಿಗೆ ಆಗಿಬರುವುದಿಲ್ಲ. ಗೂಡಿನಲ್ಲಿ ಶಾಖ ನಿಧಾನಕ್ಕೆ ಏರುತ್ತದೆ. ಬಯಲಲ್ಲಿ ಕೆಲವೇ ನಿಮಿಷಗಳಲ್ಲಿ ನೂರಾರು ಡಿಗ್ರಿ ಹಾರುತ್ತದೆ. ಮಣ್ಣಿನೊಳಗೆ ಉಳಿದ ತೇವ ಆವಿಯಾಗಿ ಹೊರಬರಲು ದಾರಿ ಬೇಕು. ಆ ದಾರಿ ಮಾಡಿಕೊಡುವುದು ಬೋಕಿ ಪುಡಿ. ಕಬೀಲಿಯಾದ ಮಾತ್ಕಾಸ್, ಆತ್ ಐಸಿ ಕಡೆಯ ಹೆಂಗಸರು ಹಳೆಯ ಒಡಕು ಮಡಕೆಗಳನ್ನು ಕುಟ್ಟಿ, ಜರಡಿ ಹಿಡಿದು ಹಸಿಮಣ್ಣಿಗೆ ಬೆರೆಸುವುದು ಇದಕ್ಕೇ. ನೀವು ಮೂರು ಪಾಲು ಮಣ್ಣಿಗೆ ಒಂದು ಪಾಲು ಬೋಕಿ ಪುಡಿಯಿಂದ ಶುರುಮಾಡಿ. ಪುಡಿ ಸಣ್ಣ ರವೆಯಷ್ಟು ಇರಲಿ. ಹಿಟ್ಟಿನಷ್ಟು ನುಣ್ಣಗಾದರೆ ಹಾಕಿಯೂ ಉಪಯೋಗವಿಲ್ಲ. ಸುಣ್ಣದ ಹರಳು ಒಂದೂ ಸೇರಬಾರದು. ಸುಟ್ಟ ದಿನ ಚೆನ್ನಾಗಿಯೇ ಕಂಡು, ವಾರ ಕಳೆದ ಮೇಲೆ ಮೈಯಿಂದ ಬಿಲ್ಲೆ ಬಿಲ್ಲೆಯಾಗಿ ಚೆಕ್ಕೆ ಹಾರಿದರೆ ಅದು ಸುಣ್ಣದ ಕೆಲಸ. ಸುಟ್ಟ ಸುಣ್ಣ ಗಾಳಿಯ ತೇವ ಕುಡಿದು ಉಬ್ಬುತ್ತದೆ.

ಕಟ್ಟುವ ರೀತಿ ಹೀಗೆ. ಹಲಗೆಯ ಮೇಲೆ ತಳದ ಬಿಲ್ಲೆ ತಟ್ಟಿಕೊಳ್ಳಬೇಕು. ಹೆಬ್ಬೆರಳ ದಪ್ಪದ ಮಣ್ಣಿನ ಹುರಿ ಹೊಸೆದು ಅಂಚಿನ ಒಳಬದಿಗೆ ಸುತ್ತಬೇಕು. ಪ್ರತಿ ಸುತ್ತನ್ನೂ ಕೆಳಗಿನದರ ಮೇಲೆ ಬೆರಳಿನಿಂದ ಎಳೆದು ಬೆಸೆಯಬೇಕು, ಒಳಗೂ ಹೊರಗೂ. ಬರೀ ಹೊರಗೆ ಸವರಿ ಒಳಗೆ ಬಿಟ್ಟರೆ ಬೆಂಕಿಯಲ್ಲಿ ಅದೇ ಗೆರೆಯಲ್ಲಿ ಬಾಯಿ ಬಿಡುತ್ತದೆ. ಎರಡು ಮೂರು ಸುತ್ತು ಏರಿದ ಮೇಲೆ ತುಸು ಬಿಗಿಯಾಗಲು ಬಿಡಿ. ಒಂದೇ ಉಸಿರಿಗೆ ಏರಿಸಿದರೆ ಹೊಟ್ಟೆ ಕುಸಿಯುತ್ತದೆ. ಒಣಗಿಸುವುದು ಮೊದಲು ನೆರಳಲ್ಲಿ, ಆಮೇಲೆ ಬಿಸಿಲಲ್ಲಿ. ಹಿಡಿಕೆ ಕೂತ ಜಾಗ ದಪ್ಪ, ನಿಧಾನಕ್ಕೆ ಆರುತ್ತದೆ. ಅಲ್ಲಿಗೆ ಒದ್ದೆ ಬಟ್ಟೆ ಸುತ್ತುವುದಲ್ಲ, ತೆಳುವಾದ ಅಂಚಿಗೆ ಸುತ್ತಬೇಕು. ಎರಡೂ ಒಟ್ಟಿಗೆ ಆರಿದರೆ ಬಿರುಕಿಲ್ಲ.

ಬಿಳಿ ಬಣ್ಣಕ್ಕೆ ಬರೋಣ. ಅದು ಬಣ್ಣವಲ್ಲ, ಬಿಳಿಮಣ್ಣಿನ ತಿಳಿ. ಮಡಕೆ ಪೂರಾ ಒಣಗಿದ ಮೇಲೆ ಬಳಿದರೆ, ಮಡಕೆ ಕುಗ್ಗಿ ಮುಗಿದಿರುತ್ತದೆ, ತಿಳಿ ಕುಗ್ಗುವುದಕ್ಕೆ ಶುರುಮಾಡುತ್ತದೆ. ಸಿಪ್ಪೆಯೇಳುವುದು ಅದರಿಂದಲೇ. ಮಡಕೆ ಒದ್ದೆ ಚರ್ಮದಷ್ಟು ಬಿಗಿಯಾಗಿ, ಉಗುರು ಒತ್ತಿದರೆ ಗುರುತು ಬೀಳುವ ಹಂತದಲ್ಲಿ ಮಜ್ಜಿಗೆಯಷ್ಟು ತೆಳುವಾಗಿ ಎರಡು ಸಲ ಬಳಿಯಿರಿ. ಅದು ಹೊಳಪು ಬಿಟ್ಟ ಮೇಲೆ ನಯವಾದ ಹೊಳೆಗಲ್ಲಿನಿಂದ ತಿಕ್ಕಿ. ತಿಕ್ಕಿದಷ್ಟೂ ತಿಳಿ ಮೈಗೆ ಹತ್ತುತ್ತದೆ. ಗೆರೆ ಎಳೆಯಲು ಅವರು ಬಳಸುವುದು ಪುಟ್ಟ ಮಣ್ಣುಂಡೆಗೆ ಮೇಕೆ ಕೂದಲು ನಾಲ್ಕಾರು ಎಳೆ ಸಿಕ್ಕಿಸಿ ಮಾಡಿದ ಕುಂಚ. ಕೂದಲು ಉದ್ದವಿರುವುದರಿಂದ ಗೆರೆ ನಡುವೆ ಮುರಿಯದೆ ಓಡುತ್ತದೆ. ಕೆಂಪಿಗೆ ಕಾವಿ ಮಣ್ಣು, ಕಪ್ಪಿಗೆ ಮ್ಯಾಂಗನೀಸ್ ಅದಿರು. ಸಂಡೂರಿನ ಅದಿರು ನಿಮಗೂ ಸಿಗಬಹುದು. ಅರೆಯುವಾಗ ಮೂಗಿಗೆ ಬಟ್ಟೆ ಸಾಲದು, ಸರಿಯಾದ ಮಾಸ್ಕ್ ಹಾಕಿ, ನೀರಿನಲ್ಲಿಟ್ಟೇ ಅರೆಯಿರಿ. ಆ ಧೂಳು ನರಗಳಿಗೆ ಕೇಡು. ಬಳಿದದ್ದು ತೆಳುವಾದರೆ ಕಪ್ಪು ಬಾರದೆ ಕಂದು ಬರುತ್ತದೆ.

ಸುಡುವ ದಿನ ಗಾಳಿಯಿರಬಾರದು. ಒಂದು ಬದಿಗೆ ಗಾಳಿ ಹೊಡೆದರೆ ಆ ಬದಿ ಸೀಳುತ್ತದೆ, ಇನ್ನೊಂದು ಬದಿ ಹೊಗೆ ತಿಂದು ಕಪ್ಪಾಗುತ್ತದೆ. ಮೊದಲು ಮಡಕೆಗಳನ್ನು ಬೆಂಕಿಯ ಪಕ್ಕದಲ್ಲಿ ತಿರುಗಿಸುತ್ತ ಕೈಗೆ ಸುಡುವಷ್ಟು ಕಾಯಿಸಿ. ಆಮೇಲಷ್ಟೇ ಕಟ್ಟಿಗೆ, ಬೆರಣಿ ಒಟ್ಟಿ ಹೊದಿಸಿ. ನಿಮ್ಮ ಮೂರು ಮಡಕೆ ಮೊದಲ ಹತ್ತು ನಿಮಿಷದಲ್ಲೇ ‘ಟಪ್’ ಎಂದು ಒಡೆದಿದ್ದರೆ ಈ ಕಾಯಿಸುವಿಕೆ ಸಾಲಲಿಲ್ಲ ಎಂದರ್ಥ. ತೆಗೆದು ಆರುವಾಗ ‘ಟಿಣ್’ ಎಂದು ಸೀಳಿದ್ದರೆ ಬೇಗ ಹೊರಗೆಳೆದಿರಿ ಎಂದರ್ಥ.

ಚಿತ್ರದಲ್ಲಿ ಕಂಡ ಜೇನಿನ ಬಣ್ಣದ ಹೊಳಪು ಗಾಜಿನದಲ್ಲ, ಪೈನ್ ಮರದ ರಾಳದ್ದು. ಮಡಕೆ ಬಿಸಿಯಿರುವಾಗಲೇ ರಾಳದ ಉಂಡೆಯನ್ನು ಮೈಗೆ ಉಜ್ಜುತ್ತಾರೆ. ತೀರಾ ಬಿಸಿಯಿದ್ದರೆ ರಾಳ ಹೊತ್ತಿ ಕರಿ ಹಿಡಿಯುತ್ತದೆ, ಆರಿದ್ದರೆ ಗಂಟುಗಂಟಾಗಿ ಕೂರುತ್ತದೆ. ಮುಟ್ಟಿಸಿದ ಕೂಡಲೇ ಕರಗಿ ತೆಳು ಹೊಗೆ ಬರಬೇಕು, ಬೆಂಕಿ ಏಳಬಾರದು. ರಾಳ ಹಚ್ಚಿದ್ದನ್ನು ಒಲೆಗೆ ಇಡಬೇಡಿ. ಅವರೂ ಇಡುವುದಿಲ್ಲ, ಅಡುಗೆಯ ಮಡಕೆಗೆ ಚಿತ್ತಾರವೂ ಇಲ್ಲ, ರಾಳವೂ ಇಲ್ಲ.

ನಮ್ಮ ಕುಂಬಾರ ಮನೆಗಳಲ್ಲಿ ಮಣ್ಣು ತುಳಿಯುವುದು, ಬಳಿಯುವುದು ಹೆಂಗಸರ ಪಾಲಿಗೆ, ತಿಗರಿ ಗಂಡಸರ ಪಾಲಿಗೆ. ಕಬೀಲಿಯಾದ ಹಳ್ಳಿ ಮಡಕೆಗೆ ತಿಗರಿಯೇ ಇಲ್ಲ, ಅಗೆಯುವುದರಿಂದ ಸುಡುವವರೆಗೆ ಹೆಂಗಸರದೇ ಕೆಲಸ.

ಆ ಗೆರೆ, ತ್ರಿಕೋನಗಳಿಗೆ ಅರ್ಥವೇನು? ಅದು ಫ್ರೆಂಚರಿಗೆ ತಿಳಿಯದಂತೆ ಹೆಂಗಸರು ಬರೆದ ಗುಪ್ತಲಿಪಿ ಎಂದು ಓದಿದೆ. — ಮೈಸೂರು, ಸಾಗರ, ದುಬೈ

ಮೂವರು ಕೇಳಿದ್ದೀರಿ. ನಾವು ಒಪ್ಪುವುದಿಲ್ಲ. ಈ ಚಿತ್ತಾರ, ಅಲ್ಜೀರಿಯಾವನ್ನು ಆಳುತ್ತಿದ್ದ ಫ್ರೆಂಚರು ದಂಡೆತ್ತಿ ಬೆಟ್ಟ ಹತ್ತಿದ 1857ಕ್ಕಿಂತ ಬಹಳ ಹಳೆಯದು. ಅವೇ ಗೆರೆಗಳು ಮಡಕೆಯ ಮೇಲೆ, ಮನೆಯೊಳಗಿನ ಗೋಡೆಯ ಮೇಲೆ, ಕಂಬಳಿಯಲ್ಲಿ, ಹಿಂದಿನ ತಲೆಮಾರಿನ ಅಜ್ಜಿಯರ ಹಣೆ ಗಲ್ಲದ ಹಚ್ಚೆಯಲ್ಲಿ ಇದ್ದವು. ಒಂದೇ ಅಂಕುಡೊಂಕು ಗೆರೆಯನ್ನು ಒಂದು ಊರಿನವಳು ಹಾವು ಎಂದರೆ ಪಕ್ಕದ ಊರಿನವಳು ನೇಗಿಲ ಸಾಲು ಎನ್ನಬಹುದು. ಹೆಸರಿದೆ, ಆದರೆ ಅಕ್ಷರದಂತೆ ಓದಿ ವಾಕ್ಯ ಮಾಡಲು ಬರುವುದಿಲ್ಲ. ಮಲೆನಾಡಿನ ಹಸೆ ಚಿತ್ತಾರವನ್ನು ಯಾರಾದರೂ ಗುಪ್ತಲಿಪಿ ಎಂದರೆ ಸಾಗರದವರಾದ ನೀವು ನಗುವಿರಲ್ಲವೆ?

ಹಚ್ಚೆ ಮಾತ್ರ ನಿಂತುಹೋಗಿದೆ. ಶಾಲೆ, ಪೇಟೆ, ಧರ್ಮದ ಆಕ್ಷೇಪ ಮೂರೂ ಸೇರಿ ನಿಲ್ಲಿಸಿದವು.

ಮನೆಯೊಳಗೆ ಆಳೆತ್ತರದ ಮಣ್ಣಿನ ವಾಡೆಗಳ ಚಿತ್ರವಿತ್ತು. ಅಷ್ಟು ದೊಡ್ಡದನ್ನು ಬಾಗಿಲಿನಿಂದ ಹೇಗೆ ತಂದರು? — ಗದಗ

ತರಲಿಲ್ಲ, ಒಳಗೇ ಕಟ್ಟಿದರು. ಅದರ ಹೆಸರು ಅಕೂಫಿ, ಕಾಳು ಮತ್ತು ಒಣ ಅಂಜೂರ ತುಂಬುವ ವಾಡೆ. ಮಣ್ಣು, ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಸುತ್ತು ಸುತ್ತಾಗಿ, ಒಂದು ಸುತ್ತು ಆರಿದ ಮೇಲೆ ಇನ್ನೊಂದು ಇಟ್ಟು ಏರಿಸುತ್ತಾರೆ. ಸುಡುವುದಿಲ್ಲ. ಮೈಯಲ್ಲಿ ಬೇರೆ ಬೇರೆ ಎತ್ತರಕ್ಕೆ ತೂತು ಬಿಟ್ಟು ಬೆಂಡಿನ ಬಿರಡೆ ಹಾಕುತ್ತಾರೆ. ಕಾಳು ಬೇಕಾದಾಗ ತೆಗೆಯುವುದು ಅಲ್ಲಿಂದಲೇ, ಎಷ್ಟು ಉಳಿದಿದೆ ಎಂದು ತಿಳಿಯುವುದೂ ಅಲ್ಲಿಂದಲೇ. ವರ್ಷದ ಗ್ರಾಸದ ಲೆಕ್ಕ ಆ ಬಿರಡೆಗಳಲ್ಲಿತ್ತು, ಬಿರಡೆ ತೆಗೆಯುವ ಅಧಿಕಾರ ಹಿರಿಯ ಅತ್ತೆಯ ಕೈಯಲ್ಲಿತ್ತು. ಸೊಸೆಗೆ ಆ ಅಧಿಕಾರ ಬರುವುದೆಂದರೆ ಮನೆ ಕೈಸೇರಿದಂತೆ. ಸಿಮೆಂಟಿನ ಮನೆಗೆ ಅಕೂಫಿ ಬರಲಿಲ್ಲ. ಹಿಟ್ಟಿನ ಚೀಲ ಅಂಗಡಿಯಿಂದ ಬಂತು.

ಅವರ ನಿಲುಮಗ್ಗಕ್ಕೂ ನಮ್ಮ ಕುಣಿಮಗ್ಗಕ್ಕೂ ಏನು ವ್ಯತ್ಯಾಸ? ಚೌಕಟ್ಟು ಮಾಡಿಸಿಕೊಂಡಿದ್ದೇನೆ, ಆದರೆ ನೇಯುತ್ತ ಹೋದಂತೆ ಬಟ್ಟೆ ಸೊಂಟ ಹಿಡಿದಂತೆ ಕಿರಿದಾಗುತ್ತದೆ. — ಇಳಕಲ್

ಮೊದಲು ಕಿರಿದಾಗುವುದಕ್ಕೆ ಮದ್ದು. ಅಡ್ಡ ಓಡುವ ಹೊಕ್ಕಿನ ನೂಲನ್ನು ಬಿಗಿಯಾಗಿ, ನೇರವಾಗಿ ಎಳೆದು ಕೂರಿಸುತ್ತಿದ್ದೀರಿ. ಹೊಕ್ಕು, ಉದ್ದಕ್ಕೆ ನಿಂತ ಹಾಸಿನ ಎಳೆಗಳ ಮೇಲೆ ಕೆಳಗೆ ಬಳುಕಿ ಹೋಗಬೇಕಾದ್ದರಿಂದ ಅದಕ್ಕೆ ಅಗಲಕ್ಕಿಂತ ಹೆಚ್ಚು ಉದ್ದ ಬೇಕು. ಬಿಲ್ಲಿನಂತೆ ಮೇಲಕ್ಕೆ ಬಾಗಿಸಿ ಇಟ್ಟು, ನಡುವಿನಿಂದ ಎರಡೂ ಅಂಚಿಗೆ ಹಣಿಗೆಯಿಂದ ಬಡಿದು ಇಳಿಸಿ. ಜೊತೆಗೆ ಎರಡು ಬದಿಯ ಅಂಚಿಗೂ ದಾರ ಕಟ್ಟಿ ಪಕ್ಕದ ಕಂಬಗಳಿಗೆ ಎಳೆದು ಬಿಗಿಯಿರಿ. ನೇಯ್ಗೆ ಏರಿದಂತೆ ಆ ದಾರಗಳನ್ನೂ ಏರಿಸುತ್ತ ಹೋಗಬೇಕು.

ಅಝೆಟ್ಟಾ ಎಂಬ ಅವರ ಮಗ್ಗದಲ್ಲಿ ತುಳಿಗೆಯಿಲ್ಲ, ಲಾಳಿಯಿಲ್ಲ. ಎರಡು ನಿಲುಗಂಬ, ಮೇಲೊಂದು ಕೆಳಗೊಂದು ಅಡ್ಡತೊಲೆ, ಎಳೆಗಳನ್ನು ಬೇರೆ ಮಾಡಲು ಒಂದು ಲಾಳದಕಡ್ಡಿ, ಒಂದು ಸಾಲು ಎಳೆಗಳನ್ನು ಕುಣಿಕೆಯಿಂದ ಹಿಡಿದ ಒಂದು ಕೋಲು. ಬೆರಳೇ ಲಾಳಿ. ಹೊಕ್ಕು ಬಡಿಯಲು ಕಬ್ಬಿಣದ ಹಲ್ಲಿನ ಭಾರದ ಹಣಿಗೆ. ವೇಗದಲ್ಲಿ ಕುಣಿಮಗ್ಗಕ್ಕೆ ಇದು ಸಾಟಿಯೇ ಅಲ್ಲ. ಆದರೆ ಬಿಚ್ಚಿ ಮೂಲೆಗೆ ಒರಗಿಸಿಡಬಹುದು, ಒಲೆಯ ಮೇಲೆ ಕಣ್ಣಿಟ್ಟು ನಾಲ್ಕು ಸಾಲು ನೇಯಬಹುದು. ಮನೆಗೆಲಸದ ಸಂದಿಯಲ್ಲಿ ಕೂರುವಂತೆ ಹುಟ್ಟಿದ ಮಗ್ಗ ಇದು.

ನೂಲು ಎರಡು ಬಗೆ. ಉದ್ದ ಎಳೆಯ ಉಣ್ಣೆಯನ್ನು ಬಾಚಿ, ಕದಿರಿನಲ್ಲಿ ಬಿಗಿಯಾಗಿ ಹುರಿಗೊಳಿಸಿದ್ದು ಹಾಸಿನ ಎಳೆಗೆ. ಗಿಡ್ಡ ಎಳೆಯದನ್ನು ಹಿಂಜಿ ಸಡಿಲಾಗಿ ನೂತದ್ದು ಹೊಕ್ಕಿಗೆ. ಹಾಸಿನ ಎಳೆಗೆ ಸಡಿಲ ನೂಲು ಹಾಕಿದರೆ ಹಣಿಗೆಯ ಹೊಡೆತಕ್ಕೆ ಜುಂಗು ಜುಂಗಾಗಿ ಕಡಿಯುತ್ತದೆ. ಹಾಸು ಹೂಡುವುದು ಒಬ್ಬರಿಂದ ಆಗದು. ನೆಲಕ್ಕೆ ಗೂಟ ಹೊಡೆದು, ಎರಡು ಕೊನೆಗೆ ಇಬ್ಬರು ಕೂತು, ಮೂರನೆಯವಳು ಉಂಡೆ ಹಿಡಿದು ಅತ್ತಿಂದಿತ್ತ ನಡೆಯುತ್ತಾಳೆ. ಕೂತವರು ಪ್ರತಿ ಸುತ್ತನ್ನೂ ಹುರಿಯಲ್ಲಿ ಹೆಣೆದು ಎಳೆಗಳ ಅಂತರ ಕಾಯುತ್ತಾರೆ. ನಡೆಯುವವಳು ದಣಿದು ಎಳೆತ ಸಡಿಲಾದರೆ ಆ ಕಡೆಯ ಬಟ್ಟೆ ಕೊನೆಯವರೆಗೂ ಜೋಲುತ್ತದೆ, ಆಮೇಲೆ ಸರಿಪಡಿಸಲು ಬಾರದು. ಅದಕ್ಕೇ ನಡುವೆ ಆಳು ಬದಲಿಸಬೇಡಿ, ವಿಶ್ರಾಂತಿ ಕೊಟ್ಟು ಅವಳನ್ನೇ ನಡೆಸಿ.

ನಮ್ಮಲ್ಲಿ ಕುರುಬರ ಕಂಬಳಿಗೆ ಹೆಂಗಸರು ನೂಲುತ್ತಾರೆ, ಗಂಡಸರು ನೇಯುತ್ತಾರೆ. ಕಬೀಲಿಯಾದಲ್ಲಿ ಗಂಡಸು ಹೊದೆಯುವ ಬುರ್ನೂಸ್ ಎಂಬ ಕುಲಾವಿ ಕಂಬಳಿಯನ್ನೂ ನೇಯುವವಳು ಹೆಂಗಸೇ. ನೇಯ್ದು ಮುಗಿದ ಬಟ್ಟೆಗೆ ನೀರು ಚಿಮುಕಿಸಿ ಕತ್ತರಿಸುವ ಪದ್ಧತಿಯಿತ್ತು, ಸಾಯುವವರ ಬಾಯಿಗೆ ನೀರು ಬಿಟ್ಟ ಹಾಗೆ. ಮಗ್ಗದಲ್ಲಿದ್ದಷ್ಟು ದಿನ ಅದಕ್ಕೆ ಜೀವವಿದೆ ಎಂಬ ನಂಬಿಕೆ.

ಐನ್ ಎಲ್ ಹಮ್ಮಾಮ್ ಬಳಿಯ ಆತ್ ಹಿಶೆಮ್ ಹಳ್ಳಿಯ ಹಾಸುಗಂಬಳಿ ಇವತ್ತು ಹೆಸರುವಾಸಿ. ಅಲ್ಲಿ 19ನೇ ಶತಮಾನದ ಕೊನೆಯಲ್ಲೇ ಹುಡುಗಿಯರ ನೇಯ್ಗೆ ಶಾಲೆಯಿತ್ತು. ಹೊದೆಯಲು ನೇಯ್ದದ್ದು ಮಾರಲು ನೇಯುವುದಾಗಿ ತಿರುಗಿದ್ದು ಅಂಥ ಶಾಲೆಗಳಿಂದ. ಕೈಗೆ ಕಾಸು ಬಂತು. ಜೊತೆಗೆ ಕೊಳ್ಳುವವರ ರುಚಿಗೆ ತಕ್ಕಂತೆ ಬಣ್ಣ ಅಳತೆಗಳೂ ಬದಲಾದವು. ‘ಅಪ್ಪಟ ಪುರಾತನ’ ಎಂದು ಮಾರುವ ಎಷ್ಟೋ ನಮೂನೆಗಳ ವಯಸ್ಸು ಅಷ್ಟೇ.

ವಿದೇಶದ ಹರಾಜಿನಲ್ಲಿ ಕಬೈಲ್ ಬೆಳ್ಳಿ ಪದಕವೊಂದು ಕಂಡಿತು: ನೀಲಿ ಹಸಿರು ಮೀನಾಕಾರಿ, ಕೆಂಪು ಹವಳ. ಹಳೆಯದೋ ಹೊಸದೋ ತಿಳಿಯುವುದು ಹೇಗೆ? — ಬೆಂಗಳೂರು

ಮಾರುವವರಿಂದ ಹಿಂಬದಿಯ ಚಿತ್ರ ತರಿಸಿ. ಹಳೆಯ ದೊಡ್ಡ ಗುಂಡು ಪದಕಗಳಿಗೆ ಹಿಂದೆಯೂ ಮೀನಾಕಾರಿ ಇರುವುದುಂಟು. ಹೊಸ ಅಗ್ಗದವಕ್ಕೆ ಬೋಳು ತಗಡು. ಬೆಳ್ಳಿ ತಗಡಿಗೆ ತಂತಿ ಬೆಸೆದು ಮನೆ ಮಾಡಿ, ಅದರಲ್ಲಿ ಬಣ್ಣದ ಗಾಜಿನ ಪುಡಿ ತುಂಬಿ ಕುಲುಮೆಯಲ್ಲಿ ಕರಗಿಸುವುದು ಕಬೀಲಿಯಾದ ಆತ್ ಯನ್ನಿ ಸೀಮೆಯ ಅಕ್ಕಸಾಲಿಗರ ಕಲೆ. ಗಾಜು ತಂತಿಯ ಅಂಚಿಗೆ ತುಸು ಏರಿ ಹತ್ತಿರುತ್ತದೆ. ಅಂಟಿನ ಬಣ್ಣವಾದರೆ ಮಟ್ಟಸವಾಗಿ ಕೂತು ಉಗುರಿಗೆ ಮೆತ್ತಗೆ ಸಿಗುತ್ತದೆ. ಹವಳದ ಜಾಗದಲ್ಲಿ ಪ್ಲಾಸ್ಟಿಕ್ ಸಾಮಾನ್ಯ. ನಿಜ ಹವಳ ಕೆನ್ನೆಗೆ ತಣ್ಣಗೆ, ಕೈಗೆ ಭಾರ. ಭೂತಗನ್ನಡಿಯಲ್ಲಿ ಸಣ್ಣ ಉದ್ದ ಗೆರೆಗಳು ಕಾಣುತ್ತವೆ.

ಮಾಡುವವರು ಗಂಡಸರು, ತೊಡುವವರು ಹೆಂಗಸರು. ತಾಬ್ಝಿಮ್ತ್ ಎಂಬ ಗುಂಡು ಪದಕವನ್ನು ಗಂಡು ಹೆತ್ತವಳು ಹಣೆಗೆ ತೊಡುತ್ತಿದ್ದಳು. ಹೆಣ್ಣು ಹೆತ್ತವಳಿಗೆ ಆ ಹಣೆಯ ಮರ್ಯಾದೆ ಇರಲಿಲ್ಲ. ಇಷ್ಟು ಚೆಂದದ ಒಡವೆಯನ್ನು ನೋಡುವಾಗ ಇದೂ ನೆನಪಿರಲಿ.

ಹಾಡುಗಳನ್ನು ಕೇಳಲು ಎಲ್ಲಿಂದ ಶುರುಮಾಡಲಿ? ಕೇಳಿದ್ದು ಯಾವ ಬಗೆ ಎಂದು ಗುರುತಿಸುವುದು ಹೇಗೆ? — ಧಾರವಾಡ

ತಾಳದಿಂದ ಗುರುತಿಸಿ. ತಾಳವಿಲ್ಲದೆ, ವಾದ್ಯವಿಲ್ಲದೆ, ಒಂಟಿ ಹೆಣ್ಣುದನಿ ಎಳೆದೆಳೆದು ಆಲಾಪದಂತೆ ಹಾಡಿದರೆ ಅದು ಅಶೆವ್ವಿಕ್. ಬೀಸುವಾಗ, ಮಜ್ಜಿಗೆ ಕಡೆಯುವಾಗ, ಮಗು ತೂಗುವಾಗ, ಗಂಡ ದೂರ ಹೋದಾಗ ಹಾಡುವುದು. ಬೆಂದೀರ್ ಎಂಬ ಅಗಲ ತಮಟೆ, ಚಪ್ಪಾಳೆ, ಒಬ್ಬಳು ಹೇಳಿ ಉಳಿದವರು ಎತ್ತಿಕೊಳ್ಳುವುದು, ನಡುವೆ ನಾಲಗೆ ಆಡಿಸುವ ಹರ್ಷದ ಕೂಗು ಇದ್ದರೆ ಉರಾರ್, ಮದುವೆ ಮುಂಜಿಗಳ ಮೇಳ. ಇಝ್ಲಿ ಎನ್ನುವುದು ಕೆಲವೇ ಸಾಲಿನ ಪದ್ಯ, ಹೆಚ್ಚಾಗಿ ಪ್ರೀತಿಯದು, ಕಟ್ಟಿದವಳ ಹೆಸರಿಲ್ಲದ್ದು. ಧಾರವಾಡದ ಕಿವಿಗೆ ತ್ರಿಪದಿಯ ನೆನಪು ತರಬಹುದು, ಆದರೆ ಒಂದು ಮುಖ್ಯ ವ್ಯತ್ಯಾಸವಿದೆ: ಇಝ್ಲಿಯನ್ನು ಮನೆಯ ಗಂಡಸರ ಎದುರು ಹಾಡುವಂತಿರಲಿಲ್ಲ.

ಹಾಡುವ ಜಾಗ ತಾಲಾ, ಅಂದರೆ ಊರ ನೀರಿನ ಸೆಲೆ. ಗಂಡಸರಿಗೆ ತಾಜ್ಮಾಅತ್ ಎಂಬ ಕಟ್ಟೆ ಇದ್ದಂತೆ ಹೆಂಗಸರಿಗೆ ತಾಲಾ. ನೀರು ತುಂಬುವ ಹೊತ್ತಿಗೆ ಗಂಡಸರು ಆ ದಾರಿ ತುಳಿಯಬಾರದೆಂಬ ನಿಯಮವಿತ್ತು. ಮನೆ ಮನೆಗೆ ನಲ್ಲಿ ಬಂದಾಗ ಬೆನ್ನ ಮೇಲಿನ ಕೊಡದ ಭಾರ ಇಳಿಯಿತು, ಅದರ ಜೊತೆ ಹಾಡಿನ ಜಾಗವೂ ಹೋಯಿತು. ನಲ್ಲಿ ಬೇಡವಿತ್ತೆಂದು ಹೇಳುವವರು ಎರಡು ದಿನ ಆ ಏರಿನಲ್ಲಿ ನೀರು ಹೊತ್ತು ನೋಡಲಿ.

ಹಾಡು ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಅಲ್ಜೀರ್ಸ್ ರೇಡಿಯೋದ ಕಬೈಲ್ ವಾಹಿನಿಯಲ್ಲಿ ಹೆಂಗಸರ ಮೇಳ ಹುಟ್ಟಿತು. ಅಕ್ಬೂ ಸೀಮೆಯಲ್ಲಿ 1926ರಲ್ಲಿ ಹುಟ್ಟಿದ ಷೆರೀಫಾ ಊರು ಬಿಟ್ಟು ಅಲ್ಜೀರ್ಸ್ ಸೇರಿದವರು. ಅಕ್ಬೂಗೆ ವಿದಾಯ ಹೇಳುವ ಅವರ ಹಾಡಿನಿಂದಲೇ ಶುರುಮಾಡಿ. 2014ರಲ್ಲಿ ತೀರಿಕೊಂಡರು. ಅವರ ಓರಗೆಯ ಹ್ನೀಫಾ 1981ರಲ್ಲಿ ಪ್ಯಾರಿಸಿನಲ್ಲಿ ಕಣ್ಣುಮುಚ್ಚಿದರು. ಇಬ್ಬರದೂ, ಮುಂದೆ ಬಂದ ನೂವಾರಾ ಅವರದೂ ಹುಟ್ಟುಹೆಸರಲ್ಲ, ಇಟ್ಟುಕೊಂಡ ಹೆಸರು. ಪರಪುರುಷರ ಕಿವಿಗೆ ಬೀಳುವಂತೆ ಹಾಡಿದರೆ ಮನೆತನದ ಹೆಸರು ಕೆಡುತ್ತದೆ ಎಂದಾಗ, ಹಾಡು ಬಿಡುವ ಬದಲು ಹೆಸರು ಬಿಟ್ಟರು.

ಅಶೆವ್ವಿಕ್ ಅದರ ಮೂಲದ ಗಾಂಭೀರ್ಯದಲ್ಲಿ ಬೇಕಿದ್ದರೆ ತಾವೋಸ್ ಅಮ್ರೂಶ್ ಅವರನ್ನು ಕೇಳಿ. ಅವರು 1913ರಲ್ಲಿ ಟ್ಯೂನಿಸಿನಲ್ಲಿ ಹುಟ್ಟಿದರು, 1976ರಲ್ಲಿ ತೀರಿಕೊಂಡರು. ಹಾಡೆಲ್ಲ ತಾಯಿ ಫಾದ್ಮಾ ಆತ್ ಮನ್ಸೂರ್ ಬಾಯಿಂದ ಕಲಿತದ್ದು. ಫಾದ್ಮಾ ಮದುವೆಯಾಚೆ ಹುಟ್ಟಿದ ಮಗು, ಊರವರ ಕಣ್ಣು ತಪ್ಪಿಸಲು ಹೆತ್ತವಳೇ ಶಾಲೆಗೆ ಕಳಿಸಿದ ಹುಡುಗಿ. ಮುಂದೆ ಬರೆದ ಆತ್ಮಕಥೆ ಅವರು ಸತ್ತ ಮರುವರ್ಷ, 1968ರಲ್ಲಿ ಅಚ್ಚಾಯಿತು. 1969ರಲ್ಲಿ ಅಲ್ಜೀರ್ಸಿನಲ್ಲಿ ಆಫ್ರಿಕಾ ಖಂಡದ ದೊಡ್ಡ ಕಲಾಮೇಳ ನಡೆದಾಗ ಸರ್ಕಾರ ತಾವೋಸ್ ಅವರನ್ನು ಅಧಿಕೃತ ವೇದಿಕೆಗೆ ಹತ್ತಿಸಲಿಲ್ಲ. ಅವರು ವಿದ್ಯಾರ್ಥಿಗಳ ಎದುರು ಹಾಡಿದರು. ಅರಬ್ಬಿಯೊಂದೇ ದೇಶದ ನುಡಿ ಎನ್ನುತ್ತಿದ್ದ ಕಾಲ ಅದು. ತಾಕ್ಬೈಲಿತ್ ಸೇರಿದಂತೆ ಅಮಾಝಿಗ್ ಜನರ ನುಡಿಗಳಿಗೆ ಒಟ್ಟು ಹೆಸರು ತಮಾಝಿಗ್ತ್. ಅದು ಶಾಲೆಗೆ ಬಂದದ್ದು 1995ರಲ್ಲಿ, ಅದೂ ಮಕ್ಕಳು ಒಂದು ವರ್ಷ ಶಾಲೆ ಬಹಿಷ್ಕರಿಸಿದ ಮೇಲೆ. ಅದು ಅಧಿಕೃತ ಭಾಷೆಯಾದದ್ದು 2016ರಲ್ಲಿ.

ಕಬೈಲ್ ಹೆಂಗಸರು ಮುಖ ಮುಚ್ಚುವುದಿಲ್ಲ, ಉಳಿದ ಅಲ್ಜೀರಿಯಾದವರಿಗಿಂತ ಸ್ವತಂತ್ರರು ಎಂದು ಒಂದು ಕಡೆ; ಆಸ್ತಿಯೇ ಇಲ್ಲ ಎಂದು ಇನ್ನೊಂದು ಕಡೆ. ಯಾವುದು ನಿಜ? — ಮಂಗಳೂರು

ಎರಡೂ ನಿಜ, ಎರಡನ್ನೂ ಫ್ರೆಂಚ್ ಆಡಳಿತ ತನಗೆ ಬೇಕಾದಂತೆ ಬಳಸಿತು. ಮುಖ ಮುಚ್ಚದ್ದನ್ನು ತೋರಿಸಿ ‘ಇವರು ನಮ್ಮಂತೆ’ ಎಂದರು. ವಧುದಕ್ಷಿಣೆ ತೋರಿಸಿ ‘ಹೆಣ್ಣನ್ನು ಮಾರುತ್ತಾರೆ’ ಎಂದರು. ಮುಖ ಮುಚ್ಚದಿರಲು ಕಾರಣ ಸರಳ: ಆಲಿವ್ ಆಯುವವಳು, ಸೌದೆ ಹೊರುವವಳು, ಹೊಲಕ್ಕೆ ಹೋಗುವವಳು ಮುಸುಕು ಹಾಕಿ ದುಡಿಯಲಾಗದು. ತಲೆಗೆ ವಸ್ತ್ರ ಕಟ್ಟುತ್ತಿದ್ದಳು, ಅಷ್ಟೇ. ಎಲ್ಲಿ, ಯಾವ ಹೊತ್ತಿಗೆ, ಯಾರ ಜೊತೆ ಹೋಗಬೇಕೆಂಬುದಕ್ಕೆ ಮುಸುಕಿಗಿಂತ ಬಿಗಿಯಾದ ಕಟ್ಟಿತ್ತು.

ಪಾಲಿನ ವಿಷಯ. ಇಸ್ಲಾಮಿ ಧರ್ಮಶಾಸ್ತ್ರದಲ್ಲಿ ಮಗಳಿಗೆ ಮಗನ ಅರ್ಧ ಪಾಲಿದೆ. ಕಬೀಲಿಯಾದ ಊರಸಭೆಗಳು 18ನೇ ಶತಮಾನದ ನಡುವಿನಲ್ಲಿ ಅದನ್ನೂ ತೆಗೆದುಹಾಕಿದವು. ಬೆಟ್ಟದ ತುಂಡು ಭೂಮಿ ಮದುವೆಯ ಮೂಲಕ ಬೇರೆ ಮನೆತನಕ್ಕೆ ಹೋಗಬಾರದೆಂಬುದು ಕಾರಣ. ಬದಲಿಗೆ ಸಿಕ್ಕಿದ್ದು ಗಂಡ ಬಿಟ್ಟರೆ, ಸತ್ತರೆ ತವರಿಗೆ ಬಂದು ಇರುವ ಹಕ್ಕು. ಗಂಡನ ಮನೆ ಬಿಟ್ಟು ಬಂದವಳು ಮರುಮದುವೆಯಾಗಬೇಕಾದರೆ ಗಂಡ ಹೇಳಿದ ಬಿಡುಗಡೆ ಹಣ ಕಟ್ಟಬೇಕು. ಅವನು ಕಟ್ಟಲಾಗದಷ್ಟು ಹೇಳಿದರೆ ಅವಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ. 1931ರ ಒಂದು ಫ್ರೆಂಚ್ ಆಜ್ಞೆ ಕಬೈಲ್ ಹೆಂಗಸಿಗೆ ತಾನೇ ವಿಚ್ಛೇದನ ಕೇಳುವ ದಾರಿ ತುಸು ತೆರೆಯಿತು.

ಈಗ ಲೆಕ್ಕಕ್ಕಿರುವುದು ಇಡೀ ದೇಶಕ್ಕೆ ಒಂದೇ ಆದ 1984ರ ಕುಟುಂಬ ಕಾನೂನು. ಅದರಡಿ ಕಬೈಲ್ ಮಗಳಿಗೂ ಅರ್ಧ ಪಾಲುಂಟು, ಅಂದರೆ ಊರ ಕಟ್ಟಳೆಗಿಂತ ಹೆಚ್ಚು, ಅಣ್ಣನಿಗಿಂತ ಕಡಿಮೆ. ಅದೇ ಕಾನೂನು ಮದುವೆಗೆ ಹೆಣ್ಣಿನ ಕಡೆಯ ಗಂಡಸು ರಕ್ಷಕ ಬೇಕೆಂದಿತು. 2005ರ ತಿದ್ದುಪಡಿ ರಕ್ಷಕನನ್ನು ಪೂರ್ತಿ ತೆಗೆಯಲಿಲ್ಲ. ವಯಸ್ಕ ಹೆಣ್ಣು ತಾನೇ ಆರಿಸಿಕೊಳ್ಳಬಹುದು ಎಂದಿತು. ಮದುವೆಯ ವಯಸ್ಸನ್ನು ಇಬ್ಬರಿಗೂ 19ಕ್ಕೆ ತಂದಿತು.

ಕಾಗದದ ಪಾಲು ಕೈಗೆ ಬರುವುದು ಬೇರೆ ಮಾತು. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂದು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವವರು ಅಲ್ಲಿ ಬಹಳ. ನಮ್ಮ ಉಪನೋಂದಣಿ ಕಚೇರಿಗಳ ಮುಂದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬದಲಾವಣೆ ತಂದದ್ದರಲ್ಲಿ ಕಾನೂನಿಗಿಂತ ಸಂಬಳಕ್ಕೆ ನಾವು ಹೆಚ್ಚು ಅಂಕ ಕೊಡುತ್ತೇವೆ. 20ನೇ ಶತಮಾನದ ಮೊದಲಿಂದ ಗಂಡಸರು ಫ್ರಾನ್ಸಿನ ಕಾರ್ಖಾನೆಗಳಿಗೆ ಹೋದಾಗ ಮನೆ ನಡೆಸಿದವರು ಹೆಂಗಸರು, ಆದರೆ ಅಂಚೆಯ ಹಣ ಬರುತ್ತಿದ್ದುದು ಮಾವನ ಹೆಸರಿಗೆ ಅಥವಾ ಮೈದುನನ ಹೆಸರಿಗೆ. 1954ರಿಂದ 1962ರ ಸ್ವಾತಂತ್ರ್ಯ ಯುದ್ಧದ ನಂತರ ಹುತಾತ್ಮರ ವಿಧವೆಯರಿಗೆ ಪಿಂಚಣಿ ಬಂತು. ಎಷ್ಟೋ ಮುದುಕಿಯರಿಗೆ ಸ್ವಂತ ಹೆಸರಲ್ಲಿ ಸಿಕ್ಕ ಮೊದಲ ಹಣ ಅದು. ಮೊಮ್ಮಗಳು ಶಿಕ್ಷಕಿಯಾದಳು, ನರ್ಸ್ ಆದಳು. ಮಣ್ಣು ಕಲಸುವುದನ್ನು ಅಜ್ಜಿಯಿಂದ ಕಲಿಯಲಿಲ್ಲ ಎಂದು ಅವಳನ್ನು ದೂರುವವರು, ಅಜ್ಜಿಗೆ ಆ ಕೆಲಸಕ್ಕೆ ಎಷ್ಟು ಸಿಗುತ್ತಿತ್ತೆಂದು ಮೊದಲು 

ಕೇಳಬೇಕು.

ಕೂಸ್‌ಕೂಸ್ ಮನೆಯಲ್ಲೇ ಹೊಸೆಯಬಹುದೆ? ಎರಡು ಸಲ ಮಾಡಿದೆ, ಎರಡೂ ಸಲ ಉಪ್ಪಿಟ್ಟಾಯಿತು. — ಹುಬ್ಬಳ್ಳಿ

ಹುಬ್ಬಳ್ಳಿಯಲ್ಲಿ ಬನ್ಸಿ ರವೆ ಸಿಗುತ್ತದಲ್ಲ, ಅದನ್ನೇ ಬಳಸಿ. ಅಲ್ಲಿ ಬಳಸುವುದೂ ಅದೇ ಜಾತಿಯ ಗಟ್ಟಿ ಗೋದಿ. ಅರ್ಧ ಕಿಲೋ ಬನ್ಸಿ ರವೆಯನ್ನು ಅಗಲ ಪರಾತದಲ್ಲಿ ಹರವಿ, ಅರ್ಧ ಚಮಚ ಉಪ್ಪು ಕರಗಿಸಿದ ನೀರನ್ನು ಬೆರಳಿನಿಂದ ಚಿಮುಕಿಸಿ. ಸುರಿಯಬೇಡಿ. ಒಟ್ಟು ಮುಕ್ಕಾಲು ಲೋಟ ಸಾಕು, ಅದೂ ನಾಲ್ಕೈದು ಸಲಕ್ಕೆ. ಅಂಗೈ ಚಪ್ಪಟೆ ಮಾಡಿ ಸುತ್ತು ಸುತ್ತಾಗಿ ಹೊಸೆಯುತ್ತ, ನಡುನಡುವೆ ಚಿರೋಟಿ ರವೆ ಒಂದೊಂದು ಹಿಡಿ ಉದುರಿಸಿ. ಒಟ್ಟು ಸುಮಾರು 75 ಗ್ರಾಂ ಹಿಡಿಸುತ್ತದೆ. ಸಾಸಿವೆಗಿಂತ ತುಸು ದೊಡ್ಡ ಕಾಳಾದಾಗ ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದ ಗಂಟು ಒಡೆದು ಮತ್ತೆ ಹೊಸೆಯಿರಿ, ಕೆಳಗಿಳಿದ ಹುಡಿಯನ್ನು ಮತ್ತೆ ಸೇರಿಸಿ.

ನಿಮ್ಮದು ಉಪ್ಪಿಟ್ಟಾದದ್ದು ನೀರಿನಲ್ಲಿ ಬೇಯಿಸಿದ್ದರಿಂದ. ಕೂಸ್‌ಕೂಸ್ ಬೇಯುವುದು ಹಬೆಯಲ್ಲಿ. ತೂತಿನ ಪಾತ್ರೆಯನ್ನು ಕುದಿಯುವ ಸಾರಿನ ಮೇಲೆ ಕೂರಿಸಿ, ಎರಡರ ನಡುವಿನ ಸಂದಿಗೆ ಹಿಟ್ಟಿನ ಗಂಜಿಯಲ್ಲಿ ಅದ್ದಿದ ಬಟ್ಟೆಪಟ್ಟಿ ಸುತ್ತಿ. ಹಬೆ ಪಕ್ಕದಿಂದ ಸೋರಿದರೆ ಕಾಳು ಬೇಯುವುದಿಲ್ಲ. ಕಾಳನ್ನು ಒತ್ತದೆ ಸಡಿಲಾಗಿ ತುಂಬಿ, ಮುಚ್ಚಳ ಹಾಕಬೇಡಿ. ಮುಚ್ಚಳದ ಬೆವರು ಇಳಿದರೆ ಮುದ್ದೆ. ಮೇಲೆ ಹಬೆಯಾಡಿದ ಮೇಲೆ ಹದಿನೈದು ನಿಮಿಷ ಬಿಟ್ಟು ಪರಾತಕ್ಕೆ ಸುರುವಿ, ಗಂಟು ಬಿಡಿಸಿ, ನೀರು ಚಿಮುಕಿಸಿ, ಒಂದು ಚಮಚ ಎಣ್ಣೆ ಸವರಿ, ಹತ್ತು ನಿಮಿಷ ಆರಲು ಬಿಡಿ. ಹೀಗೆ ಇನ್ನೂ ಎರಡು ಸಲ. ಜನವರಿ 12ರ ಹೊಸವರ್ಷದ ಹಬ್ಬ ಯನ್ನಾಯರ್‌ಗೆ ಇದರ ಮೇಲೆ ಕೋಳಿ ಸಾರು. ವಸಂತದಲ್ಲಾದರೆ ಹಬೆಯಲ್ಲೇ ಬೆಂದ ಹಸಿ ಅವರೆಬೇಳೆಯಂಥ ಕಾಳು, ಕ್ಯಾರೆಟ್, ಮೇಲೆ ಧಾರಾಳ ಆಲಿವ್ ಎಣ್ಣೆ. ಸಾರು ಬಡಿಸುವಾಗಷ್ಟೇ ಹಾಕಿ.